ಹೊಳೆದಂಡೆಯ ಮಡಕೆ

ಕಂಪ್ಲಿ ಹೊಳೆದಂಡೆಯ ಆ ಕೇರಿಗೆ ಸುಡುಗಾಡು ಇರಲಿಲ್ಲ. ಸತ್ತವರನ್ನು ದಂಡೆಯಲ್ಲೇ ಹೂಳುತ್ತಿದ್ದರು. ಹಲ್ಲು ಮೂಡದ ಕೂಸು ಸತ್ತರೆ ಹೊಸ ಮಡಕೆಯಲ್ಲಿ ಮಡಿಸಿಟ್ಟು ಹೂಳುವುದು ಪದ್ಧತಿ. ಏಳು ವರ್ಷದ ಹಿಂದೆ ಪಕೀರಮ್ಮನ ಹೆಣ್ಣುಕೂಸು ಸತ್ತಾಗ ಮನೆಯಲ್ಲಿ ಹೊಸ ಮಡಕೆ ಇರಲಿಲ್ಲ. ಗಂಡ ಉಚ್ಚೆಂಗೆಪ್ಪ ಗುಂಡಿ ತೋಡುವಾಗ ಹಳೆಯದೊಂದು ಮಡಕೆ ಸಿಕ್ಕಿತು. ಮಣ್ಣು ಕೊಡವಿ ಅದರಲ್ಲೇ ಇಟ್ಟರು.

ಈ ಸಲ ಡ್ಯಾಮಿನಿಂದ ನೀರು ಬಿಟ್ಟಾಗ ದಂಡೆ ಕುಸಿದು ಮಡಕೆಗಳು ಹೊರಬಿದ್ದವು. ಪುರಾತತ್ವ ಇಲಾಖೆಯವರು ಬಂದು ಅಗೆತ ಶುರು ಮಾಡಿದರು. ಗುತ್ತಿಗೆದಾರ ಜಡೆಪ್ಪ ಕೂಲಿಗೆ ಕೇರಿಯವರನ್ನೇ ತಂದ.

ಐದನೆಯ ದಿನ ಅಧಿಕಾರಿ ಮಾಲತೇಶ್ ಬ್ರಶ್ಶಿನಿಂದ ಒಂದು ಮಡಕೆಯ ಮಣ್ಣು ಸರಿಸಿದ. ಒಳಗೆ ಸಣ್ಣ ಎಲುಬುಗಳು, ನಡುವೆ ಕರಿ ಪ್ಲಾಸ್ಟಿಕ್ ಬಳೆ. ಬಳೆಯನ್ನು ಚಿಮಟದಿಂದ ಎತ್ತಿ ಹಿಂದಕ್ಕೆಸೆದ.

“ಮೇಲಿಂದ ಬಿದ್ದ ಕಸ.”

ಪಕೀರಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿ ಬಳೆ ಎತ್ತಿಕೊಂಡಳು.

“ಅದು ನನ್ನ ಕೂಸ್ರಿ ಸಾಹೇಬ್ರ.”

“ಈ ಮಡಕೆ ಮೂರು ಸಾವಿರ ವರ್ಷದ್ದಮ್ಮ.”

“ಮಡಕಿ ಹಳೇದಿದ್ದೀತ್ರಿ. ಕೂಸು ನಂದು. ಈ ಬಳಿ ನಾನಾ ಹಾಕಿದ್ದೆ.”

ಜಡೆಪ್ಪ ನಕ್ಕ. “ಮೂರು ಸಾವಿರ ವರ್ಷದಾಕಿ ಏನಬೇ ನೀನು? ಆದ್ರೂ ಗಟ್ಟಿಮುಟ್ಟ ಅದಿ.”

ಉಚ್ಚೆಂಗೆಪ್ಪ ಸಲಿಕೆ ಬಿಟ್ಟು ಬಂದ. “ನಾನಾ ಹುಗದೀನ್ರಿ ಧಣೇರ. ಇದಾ ಜಾಗ.”

“ಸರ್ಕಾರದ ಮಡಕ್ಯಾಗ ಹೆಣ ತುರುಕಿದವ ನೀನಾ ಏನಲೇ? ಪೊಲೀಸ್ರಿಗೆ ಹೇಳ್ಲೇನು?” ಎಂದ ಜಡೆಪ್ಪ.

ಉಚ್ಚೆಂಗೆಪ್ಪ ಹಿಂದೆ ಸರಿದು ಸಲಿಕೆ ಎತ್ತಿಕೊಂಡ.

ಮಾಲತೇಶ್ ಪಕೀರಮ್ಮನ ಮುಷ್ಟಿಯನ್ನೊಮ್ಮೆ ನೋಡಿದ. ಆಮೇಲೆ ಎಲುಬು ಎಣಿಸಿ ಚೀಟಿ ಬರೆದ: ಮೂರು ಸಾವಿರ ವರ್ಷದ ಶಿಶು ಸಮಾಧಿ, ಯಾರೂ ಮುಟ್ಟಿಲ್ಲ.

“ಮಧ್ಯಾಹ್ನ ಪೇಪರಿನವರು ಬರ್ತಾರೆ. ಈಕೆಯನ್ನು ಮನೆಗೆ ಕಳಿಸಿ.”

“ನಡೀಬೇ ರಂಡಿ,” ಎಂದ ಜಡೆಪ್ಪ. “ನಿನ್ನ ಕೂಸಿನ ಪುಣ್ಯ, ಮ್ಯೂಜಿಯಮ್ಮಿನ ಗಾಜಿನ ಪೆಟಗ್ಯಾಗ ಕುಂದ್ರತೈತಿ. ನಿಮ್ಮ ಕೇರ್‍ಯಾಗ ಯಾರರ ಕುಂತಾರೇನು ಅಷ್ಟು ಎತ್ತರಕ್ಕ?”

“ಮಂದಿ ಟಿಕೀಟು ತಗಂಡು ನನ್ನ ಕೂಸ್ನ ನೋಡ್ಬೇಕೇನ್ರಿ?”

“ಮತ್ತ? ನಿನ್ನ ನೋಡಾಕ ಟಿಕೀಟ್ಯಾಕ ಬೇಕು?”

ಕೂಲಿಯವರಲ್ಲಿ ಇಬ್ಬರು ನಕ್ಕರು. ನಗದಿದ್ದರೆ ನಾಳೆ ಕೆಲಸವಿಲ್ಲ.

ಪಕೀರಮ್ಮ ಬಗ್ಗಿ ಮಡಕೆಯನ್ನು ಎರಡೂ ಕೈಯಿಂದ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಜಡೆಪ್ಪ ಸೆರಗು ಹಿಡಿದು ಜಗ್ಗಿದ. ಸೀರೆ ಅವನ ಕೈಯಲ್ಲುಳಿಯಿತು. ಅವಳು ಲಂಗದಲ್ಲೇ ದಂಡೆ ಇಳಿದು, ನೀರಿನ ಸೆಳೆತ ಇರುವಲ್ಲಿ ನಿಂತು, ಮಡಕೆಯನ್ನು ಹೊಳೆಗೆ ಎಸೆದಳು.

“ಪೂರ್ತಿ ಇದ್ದದ್ದು ಅದೊಂದೇ ಕಣ್ರೀ,” ಎಂದ ಮಾಲತೇಶ್.

ಸಂಜೆ ಗಂಡ ಹೆಂಡತಿ ಇಬ್ಬರನ್ನೂ ಠಾಣೆಗೆ ಒಯ್ದರು. ದೂರಿನಲ್ಲಿ ನಷ್ಟ ಹೀಗಿತ್ತು: ಮಡಕೆ ಒಂದು, ಎಲುಬು ಇಪ್ಪತ್ತಮೂರು.