ಏನಮ್ಮಾ, ಸಮಾಚಾರ?

ಬೀದಿಯವರೆಲ್ಲ ಅವಳನ್ನು ಏಣಿ ಎಂದೇ ಕರೆಯುತ್ತಿದ್ದರು. ಶಾಲೆಗೆ ಹೋಗುವಾಗಲೇ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದಿದ್ದಳು. ಒಂದೇ ಕೋಣೆಯ ಮನೆ. ಕಾಲು ಚಾಚಿ ಮಲಗಿದರೆ ಒಲೆಗೆ ತಾಗುತ್ತಿತ್ತು, ಮಡಚಿದರೆ ಅಮ್ಮನ ಬೆನ್ನಿಗೆ. ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಷರ್ಟಿಗೆ ಕಾಲರ್ ಹೊಲಿಯುವವಳು. "ನಿನಗೆ ಬಟ್ಟೆ ಹೊಲಿಯೋದೂ ಒಂದೇ, ಬಾಗಿಲಿಗೆ ಪರದೆ ಹೊಲಿಯೋದೂ ಒಂದೇ ಕಣೇ" ಎಂದು ನಗುತ್ತಿದ್ದಳು.

ಶಾಲೆಯ ಅಂಗಳದಲ್ಲಿ ಬಲೆಯಿಲ್ಲದ ಒಂದು ತುಕ್ಕು ಹಿಡಿದ ರಿಂಗ್ ಇತ್ತು. ಏಣಿ ಬಾಸ್ಕೆಟ್‌ಬಾಲ್ ಕಲಿತದ್ದು ಅಲ್ಲಿ, ಬರಿಗಾಲಲ್ಲಿ, ಗಾಳಿ ಇಳಿದ ಚೆಂಡಿನಲ್ಲಿ. ಶಾಲೆಗಳ ಪಂದ್ಯದಲ್ಲಿ ಅವಳ ಆಟ ನೋಡಿದ್ದ ಅಮ್ಮನ ಕಾರ್ಖಾನೆಯವರು, ಹದಿನೆಂಟು ತುಂಬುತ್ತಲೇ ತಮ್ಮ ಹುಡುಗಿಯರ ತಂಡಕ್ಕೆ ಸೇರಿಸಿಕೊಂಡರು. ಅರ್ಧ ದಿನ ಪ್ಯಾಕಿಂಗ್ ವಿಭಾಗದಲ್ಲಿ ಷರ್ಟ್ ಮಡಿಸಬೇಕು, ಅರ್ಧ ದಿನ ಆಡಬೇಕು. ಬೆಳಿಗ್ಗೆ ಹಾಲು, ಮೊಟ್ಟೆ. ಅವಳ ಕಾಲಿಗೆ ಸರಿಯಾಗಿ ಹಿಡಿಯುವ ಶೂ ಸಿಕ್ಕಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ತಂಡದ ಮೇನೇಜರ್ ಮೆದುಮಾತಿನವನು. ಪ್ರಾಕ್ಟೀಸ್ ಮುಗಿದ ಮೇಲೆ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕೈಗೆ ಜ್ಯೂಸ್ ಕೊಡುತ್ತಿದ್ದ.

"ಏನಮ್ಮಾ, ಸಮಾಚಾರ? ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಸಾರ್. ಸ್ವಲ್ಪ ಬೆನ್ನುನೋವು."

"ಪಾಪ. ಮನೇಲಿ ಒಬ್ರೇ ಇರ್ತಾರಾ? ಮಾತಿಗೆ ಯಾರಾದ್ರೂ ಬರ್ತಾರಾ?"

ತನ್ನಂಥವಳ ಅಮ್ಮನ ಬೆನ್ನುನೋವು ಕೇಳುವ ದೊಡ್ಡ ಮನುಷ್ಯ! ಏಣಿ ಕರಗಿಹೋದಳು. ಗುಂಡಿ ಅತ್ತೆ ಬರುತ್ತಾಳೆ ಎಂದಳು. ಷರ್ಟಿಗೆ ಗುಂಡಿ ಹಾಕುವ ಅವಳು ಪಕ್ಕದ ಮನೆಯವಳು. ಕೆಲಸದ ಹೊತ್ತಿನಲ್ಲಿ ಕಾರ್ಖಾನೆಯ ಹಿಂದಿನ ಬಾಗಿಲಿಗೆ ಬೀಗ ಹಾಕುವುದು ಅತ್ತೆಗೆ ಇಷ್ಟವಿಲ್ಲ. ಮೊನ್ನೆ ಮೋಟಾರಿನಿಂದ ಹೊಗೆ ಬಂದಾಗ ಎಲ್ಲರೂ ಆ ಬಾಗಿಲಿಗೆ ಬಿದ್ದು ಚೀರಿದ್ದರಂತೆ. ಎಲ್ಲರೂ ಸೇರಿ ಕೇಳೋಣ ಅಂತ ಅತ್ತೆ ಮನೆಮನೆಗೂ ಹೋಗುತ್ತಿದ್ದಾಳೆ. ಏಣಿ ಇದನ್ನೆಲ್ಲ ಜ್ಯೂಸ್ ಹೀರುತ್ತಾ ಹೇಳಿದಳು.

ಆ ವಾರವೇ ಗುಂಡಿ ಅತ್ತೆಯನ್ನು ಗೇಟಿನಲ್ಲಿ ತಡೆದರು. "ಕೆಲಸ ಕಮ್ಮಿ ಇದೆ, ಹೇಳಿ ಕಳಿಸ್ತೀವಿ" ಎಂದರು. ಆಮೇಲೆ ಅತ್ತೆಯ ಜೊತೆ ತಿರುಗುತ್ತಿದ್ದ ಇಸ್ತ್ರಿ ಅಣ್ಣನ ಸರದಿ.

ಬೀದಿಯಲ್ಲಿ ಗುಸುಗುಸು ಶುರುವಾಯಿತು. ಒಳಗಿನ ಮಾತು ಹೊರಗೆ ಹೋಗುತ್ತಿರುವುದು ಯಾರ ಬಾಯಿಂದ? ಏಣಿ ನಲ್ಲಿಯ ಹತ್ತಿರ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಒಂದು ಸಂಜೆ ಅವಳು ಮನೆಯೊಳಗೆ ಕಾಲಿಟ್ಟಾಗ ಅಮ್ಮ ಯಾರ ಜೊತೆಗೋ ಆಡುತ್ತಿದ್ದ ಮಾತನ್ನು ತಟ್ಟನೆ ನಿಲ್ಲಿಸಿದಳು. ಬಂದವರು ಎದ್ದು ಹೋದರು.

"ನನ್ನ ಮೇಲೆ ನಿನಗೂ ಅನುಮಾನಾನಾ ಅಮ್ಮಾ?"

ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, "ಊಟ ಮಾಡು" ಎಂದಳು.

ಏಣಿ ತಟ್ಟೆಯ ಮುಂದೆ ಕೂತಳು. ಯಾರಿಗೆ ಏನು ಹೇಳಿದೆ ಎಂದು ಲೆಕ್ಕ ಹಾಕುತ್ತಾ ಹೋದಳು. ಕೊನೆಗೆ ಉಳಿದದ್ದು ಆ ಬೆಂಚು ಒಂದೇ. ಆದರೂ ನಂಬಿಕೆ ಬರಲಿಲ್ಲ. ಅಷ್ಟು ಒಳ್ಳೆಯ ಮನುಷ್ಯ!

ಮರುದಿನ ಮೇನೇಜರ್ ಕೇಳಿದಾಗ ಒಂದು ಸುಳ್ಳು ಬಿಟ್ಟು ನೋಡಿದಳು. "ಭಾನುವಾರ ಎಲ್ರೂ ಹಳೇ ನೀರಿನ ಟ್ಯಾಂಕಿನ ಹತ್ರ ಸೇರ್ತಾರಂತೆ ಸಾರ್."

"ಹೌದಾ? ಇನ್ನೊಂದು ಜ್ಯೂಸ್ ತಗೋ."

ಭಾನುವಾರ ಟ್ಯಾಂಕಿನ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಕಾರ್ಖಾನೆಯ ಜೀಪು ಮಾತ್ರ ಇತ್ತು. ಅದರೊಳಗೆ ಗೇಟಿನ ಕಾವಲಿನವರು, ಮುಂದಿನ ಸೀಟಿನಲ್ಲಿ ಮೇನೇಜರ್. ಏಣಿ ಗೋಡೆಯ ಮರೆಯಲ್ಲಿ ನಿಂತು ನೋಡಿದಳು.

ಅಲ್ಲಿಂದ ನೇರವಾಗಿ ಗುಂಡಿ ಅತ್ತೆಯ ಮನೆಗೆ ಹೋದಳು.

"ಅತ್ತೆ, ನಾನೇ ಹೇಳಿದ್ದು. ಗೊತ್ತಾಗ್ದೆ ಹೇಳ್ಬಿಟ್ಟೆ."

ಅತ್ತೆ ಅವಳನ್ನು ಒಳಗೆ ಕರೆಯಲಿಲ್ಲ. "ಗೊತ್ತಾಗ್ದೆ ಹೇಳಿದ್ರೂ ಬೀದಿಗೆ ಬಿದ್ದೋಳು ನಾನೇ ತಾನೇ? ಅವನ ಕಿವೀಲಿ ಮೆಲ್ಲಗೆ ಹೇಳಿದ್ದಾಯ್ತು, ಈಗ ನನ್ನ ಕಿವೀಲಿ ಮೆಲ್ಲಗೆ ಹೇಳ್ತಿದೀಯ. ಇದರಿಂದ ಯಾರಿಗೇನು ಬಂತು? ಹೋಗು."

ಮುಂದಿನ ವಾರ ದೊಡ್ಡ ಪಂದ್ಯ. ಬೇರೊಂದು ಕಂಪನಿಯ ತಂಡದ ಮೇಲೆ. ಖುದ್ದು ಮಾಲೀಕರೇ ಬರುವವರಿದ್ದರು. ಚಪ್ಪಾಳೆ ಹೊಡೆಯಲು ಕೆಲಸದ ಹೆಂಗಸರನ್ನೆಲ್ಲ ಕರೆತಂದು ಕೂರಿಸಿದ್ದರು. ಬಟ್ಟೆ ಬದಲಿಸುವ ಕೋಣೆಯಲ್ಲಿ ಏಣಿ ಶೂ ದಾರ ಕಟ್ಟುತ್ತಾ ತಲೆಯೆತ್ತದೆ ಕೇಳಿದಳು.

"ಮೇನೇಜರ್ ಸಾರು ನಿಮ್ಮನ್ನೂ ಮನೆ ಸಮಾಚಾರ ಕೇಳ್ತಾರೇನ್ರೇ?"

ಎಲ್ಲರಿಗಿಂತ ಕುಳ್ಳಿಯಾದ ಗುಬ್ಬಿ ಗೋಡೆ ನೋಡುತ್ತಾ ನಿಂತಳು. ಆಮೇಲೆ ಒಬ್ಬಳೆಂದಳು: "ನನ್ನನ್ನ ವ್ಯಾನಲ್ಲಿ ಬಿಡೋವಾಗ ಕೇಳ್ತಾರೆ. ನನ್ನೊಬ್ಬಳನ್ನೇ ಅಂದ್ಕೊಂಡಿದ್ದೆ." ಇನ್ನೊಬ್ಬಳು ಹಣೆ ಚಚ್ಚಿಕೊಂಡಳು. "ಇಸ್ತ್ರಿ ಅಣ್ಣನ ವಿಷಯ ಹೇಳಿದ್ದು ನಾನು ಕಣ್ರೇ." ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ಕೂತರು. ಹೊರಗೆ ಶಿಳ್ಳೆ ಊದಿದರು.

ಹುಡುಗಿಯರು ಸಾಲಾಗಿ ನಿಂತರು. ಮಾಲೀಕರು ಕೈ ಕುಲುಕುತ್ತಾ ಬಂದರು. ಪಕ್ಕದಲ್ಲೇ ಮೈಕು ಹಿಡಿದುಕೊಂಡು ಮೇನೇಜರ್. ಏಣಿಯ ಮುಂದೆ ಕತ್ತೆತ್ತಿ ನಿಂತು ಮಾಲೀಕರು ನಕ್ಕರು.

"ಏನಮ್ಮಾ, ಮನೇಲಿ ಎಲ್ರೂ ಚೆನ್ನಾಗಿದ್ದಾರಾ?"

ಮೇನೇಜರ್ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ನಿಮಗೆ ಗೊತ್ತಿರಬೇಕಲ್ಲ ಸಾರ್. ಇವರಿಗೆ ದಿನಾ ಹೇಳ್ತಿದ್ನಲ್ಲಾ. ಬಾಗಿಲ ಬೀಗ ತೆಗೀರಿ ಅಂತ ಗುಂಡಿ ಅತ್ತೆ ಕೇಳೋಕೆ ಹೊರಟಿದ್ದನ್ನ ಹೇಳಿದ್ದು ನಾನೇ. ಆ ವಾರವೇ ಅವಳನ್ನ ಗೇಟಿಂದ ಆಚೆ ಹಾಕಿದ್ರಿ."

ಹಾಲ್ ತುಂಬಾ ಮಾತು ಮೊಳಗಿತು. ಮಾಲೀಕರು ಕೈ ಬಿಡಿಸಿಕೊಂಡು ಮುಂದಕ್ಕೆ ಸರಿದರು. ಅಲ್ಲಿದ್ದವಳು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಇಸ್ತ್ರಿ ಅಣ್ಣನ ವಿಷಯ ನಾನು ಹೇಳಿದ್ದು ಸಾರ್."

ಮೇನೇಜರ್ ಮೈಕು ಆರಿಸಿದ. ಮಾಲೀಕರು ತಿರುಗಿ ಹೊರಟರು. ಸಾಲಿನ ಕೊನೆಯಿಂದ ಗುಬ್ಬಿ ಕೂಗಿದಳು: "ಸಾರ್, ನನ್ನ ಕೈ ಕುಲುಕಲೇ ಇಲ್ಲ! ನಂದೂ ಒಂದಿದೆ!"

ಆಟ ನಡೆಯಲಿಲ್ಲ. ಮರುದಿನ ಅವರನ್ನೆಲ್ಲ ಕೆಲಸದಿಂದ ತೆಗೆದರು, ಶೂಗಳನ್ನೂ ಬಿಚ್ಚಿಸಿಕೊಂಡರು. ಬಾಗಿಲ ಬೀಗದ ಜಗಳ ಇನ್ನೂ ನಡೆಯುತ್ತಲೇ ಇದೆ. ಆದರೆ ಅದೆಲ್ಲ ಆಮೇಲಿನದು. ಆ ಹೊತ್ತಿಗೆ, ಮೈಕು ಸತ್ತ ಹಾಲ್‌ನಲ್ಲಿ ಗುಬ್ಬಿ ಮೆಲ್ಲಗೆ ತನ್ನ ಮಾತು ಶುರುಮಾಡಿದಾಗ, ಕೂತ ಹೆಂಗಸರ ನಡುವೆ ಒಬ್ಬಳು ಎದ್ದು ನಿಂತಳು. ಏಣಿಯ ಅಮ್ಮ.

"ಜೋರಾಗಿ ಹೇಳೇ! ಹಿಂದಿನವರಿಗೆ ಕೇಳಿಸ್ತಿಲ್ಲ!"