ನಿಯಮ ನಾಲ್ಕು, ಮೂರನೆಯ ಸಲ ತಿದ್ದಿದ್ದು

ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಲೆನೋವು. ನಿಯಮಾವಳಿಯಾದರೆ ಒಂದರಿಂದ ಶುರುವಾಗುತ್ತದೆ, ಯಾರೂ ಕೇಳುವುದಿಲ್ಲ. ಕಥೆಯಾದರೆ ಹಾಗಲ್ಲ. ನಾನು ಬರೆಯಲು ಕೂತಿರುವುದು ನಿಯಮಾವಳಿಯನ್ನೇ: ಕೊಪ್ಪದ ನಮ್ಮ ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆ ಈ ವರ್ಷ ಬಂದಿರುವ 'ಬರವಣಿಗೆ ಪರಿಚಯ' ಅನ್ನುವ ಕೋರ್ಸಿನ ನಿರೀಕ್ಷೆಗಳು ಮತ್ತು ನಿಯಮಗಳು, ತಿದ್ದಿದ ಪ್ರತಿ, ಒಂದೇ ಪುಟ. ಶನಿವಾರ ನಾಲ್ಕು ಗಂಟೆಗೆ ಇಂಟರ್ನಲ್ ಅಂಕಪಟ್ಟಿಯ ಜೊತೆ ಪ್ರಿನ್ಸಿಪಾಲರ ಟೇಬಲ್ ಮೇಲಿರಬೇಕು. ಆದರೆ ನಾಲ್ಕನೇ ನಿಯಮಕ್ಕೆ ಬಂದಾಗಲೆಲ್ಲ ಪುಟ ಕಥೆಯ ಕಡೆ ತಿರುಗಿಬಿಡುತ್ತದೆ.

(ಇಷ್ಟನ್ನು ನನ್ನ ವಿದ್ಯಾರ್ಥಿನಿ ಚೈತ್ರಳಿಗೆ ಓದಿ ಹೇಳಿದೆ. "ಮೇಡಂ, ಇದು ಶುರು ಅಲ್ಲ, ಕೆಮ್ಮು" ಅಂದಳು. "ಮಾತಾಡೋಕೆ ಮುಂಚೆ ಎಲ್ರೂ ಕೆಮ್ತಾರಲ್ಲ, ಹಂಗಿದೆ. ನನ್ನ ಪ್ರಬಂಧದ ಕೆಳಗೆ ನೀವು ಕೆಂಪು ಪೆನ್ನಲ್ಲಿ ಬರ್ದಿದ್ರಲ್ಲ, ಅಲ್ಲಿಂದ ಶುರು ಮಾಡಿ." ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ, ಆದ್ದರಿಂದ ಅಲ್ಲಿಂದ ಶುರು ಮಾಡುವುದಿಲ್ಲ. ಕಥೆ ನನ್ನದು.)

ನಾನು ರಶ್ಮಿ, ಅತಿಥಿ ಉಪನ್ಯಾಸಕಿ. ಊರು ನರಸಿಂಹರಾಜಪುರ. ಅಪ್ಪ ರೇಣುಕಪ್ಪನವರದು ಅಲ್ಲಿ ಬಟ್ಟೆ ಅಂಗಡಿ. ನಾನು ಬೆಳೆದದ್ದು ಥಾನುಗಳ ನಡುವೆ, ಯಾವ ಬಟ್ಟೆ ಯಾವ ಮಿಲ್ಲಿನದು ಎಂದು ಅಂಚು ನೋಡಿ ಹೇಳಬಲ್ಲೆ, ಗದ್ದೆಯ ಅಂಚು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿದ್ದು. ಈ ಮಾಹಿತಿ ಮುಂದೆ ಬೇಕಾಗುತ್ತದೆ.

೧. ಹಾಜರಿ. ತರಗತಿಗೆ ಐದು ನಿಮಿಷ ತಡವಾದರೆ ಗೈರುಹಾಜರಿ.

(ಹೊಡೆದುಹಾಕಿದೆ. ನೆಮ್ಮಾರಿನ ಸಿರಿ ದಿನಾ ಹನ್ನೊಂದು ನಿಮಿಷ ತಡ. ಬಸ್ಸೇ ಹಾಗೆ. ಬಸ್ಸಿಗೆ ನಿಯಮಾವಳಿ ಬರೆಯುವ ಅಧಿಕಾರ ನನಗಿಲ್ಲ.)

೨. ಮೊಬೈಲಿನಲ್ಲಿ ಎಐ ಕೈಯಿಂದ ಬರೆಸುವಂತಿಲ್ಲ.

(ಹಾಗೇ ಇರಲಿ. "ನಮ್ಮನೇಲಿ ನೆಟ್‌ವರ್ಕ್ ಬರ್ಬೇಕಂದ್ರೆ ನೀರಿನ ಟ್ಯಾಂಕ್ ಮೇಲೆ ಹತ್ಬೇಕು ಮೇಡಂ, ಅಲ್ಲಿ ಕೂತ್ಕೊಂಡು ಪ್ರಬಂಧ ಬರ್ಸೋಕಾಗತ್ತಾ?" ಎಂದು ಸಿರಿ ಕೇಳಿದ್ದಳು.)

೯. ಹಿಮಪಾತದ ದಿನಗಳಲ್ಲಿ ತರಗತಿ ಇರುವುದಿಲ್ಲ; ವಿದ್ಯಾರ್ಥಿಗಳು ಇಮೇಲ್ ನೋಡಿಕೊಳ್ಳತಕ್ಕದ್ದು.

ಓದುಗರೇ, ನಗಬೇಡಿ. ಅಥವಾ ನಕ್ಕುಬಿಡಿ, ತರಗತಿಯಲ್ಲಿ ಎಲ್ಲರೂ ನಕ್ಕಾಗಿದೆ. ಆಗಸ್ಟ್‌ನಲ್ಲಿ ಕೋರ್ಸು ಶುರುವಾದಾಗ ಎರಡೇ ದಿನದಲ್ಲಿ ನಿಯಮಾವಳಿ ಬೇಕೆಂದರು. ನಾನು ಯಾವುದೋ ದೂರದ ದೇಶದ ಕಾಲೇಜಿನ ಪುಟ ತೆಗೆದು, ಕನ್ನಡ ಮಾಡಿ, ಕೆಳಗೆ ನನ್ನ ಹೆಸರು ಹಾಕಿದೆ. ಮೊದಲ ದಿನವೇ ಬಾಳೆಹೊನ್ನೂರು ಕಡೆಯ ಕಾಂತೇಶ್ ಎದ್ದು ನಿಂತ. ಕೊನೆಯ ಬೆಂಚಿನವನು, ಮುಖದಲ್ಲಿ ಒಂದಿಷ್ಟೂ ನಗುವಿಲ್ಲ.

"ಮೇಡಂ, ಕೊಪ್ಪದಲ್ಲಿ ಹಿಮ ಎಷ್ಟು ಗಂಟೆಗೆ ಬೀಳತ್ತೆ?"

೪. (ಮೊದಲ ರೂಪ.) ಪ್ರತಿಯೊಂದು ಬರಹವೂ ವಿದ್ಯಾರ್ಥಿಯ ಸ್ವಂತದ್ದಾಗಿರಬೇಕು. ಬೇರೆಯವರಿಂದ ಬರೆಸಿದವರಿಗೂ ಬೇರೆಯವರಿಗೆ ಬರೆದುಕೊಟ್ಟವರಿಗೂ ಸೊನ್ನೆ. ಸೊನ್ನೆ ಬಂದವರು ಪರೀಕ್ಷೆಗೆ ಕೂರುವಂತಿಲ್ಲ.

ಇದನ್ನೂ ನಾನು ಅದೇ ಪುಟದಿಂದ ಎತ್ತಿದ್ದೆ. ಸ್ವಂತವಾಗಿರಬೇಕು ಅನ್ನುವ ನಿಯಮ ನನ್ನ ಸ್ವಂತದ್ದಲ್ಲ. ಆಗ ಇದು ಹೊಳೆಯಲೇ ಇಲ್ಲ, ಹಿಮವೊಂದೇ ತಪ್ಪು ಅಂದುಕೊಂಡಿದ್ದೆ.

ಅಕ್ಟೋಬರಿನಲ್ಲಿ ಪ್ರಬಂಧ ಕೊಟ್ಟೆ: 'ನಮ್ಮೂರಿನ ಒಬ್ಬರು.' ಭಂಡಿಗಡಿಯ ಚೈತ್ರ ತನ್ನ ಅಜ್ಜಿಯ ಬಗ್ಗೆ ಬರೆದಿದ್ದಳು. ಅದರ ಶುರು ಹೀಗಿತ್ತು:

"ನಮ್ಮಜ್ಜಿ ರಾಧಮ್ಮ ಯಾರ ಮನೆಯ ಬಾಗಿಲನ್ನೂ ತಟ್ಟಿದವಳಲ್ಲ. ಸಂಜೆ ಅಂಗಳದಲ್ಲೇ ನಿಂತು 'ನಾಳೆ ನಮ್ಮಲ್ಲಿ' ಅನ್ನುತ್ತಿದ್ದಳು. ಅಷ್ಟೇ. ಬೆಳಗಾದರೆ ಹದಿನಾಲ್ಕು ಜನ ನಮ್ಮ ಗದ್ದೆಯಲ್ಲಿರುತ್ತಿದ್ದರು. ಅವರ ಮನೆಯವರು ಹಾಗೆ ಅಂದ ದಿನ ಅಜ್ಜಿ ಅವರ ಗದ್ದೆಯಲ್ಲಿರುತ್ತಿದ್ದಳು. ಇದಕ್ಕೆ ಮುಯ್ಯಾಳು ಎನ್ನುತ್ತಾರೆ."

ಕೊನೆ ಹೀಗಿತ್ತು: "ಈಗಲೂ ನೀವು ನಮ್ಮೂರಿಗೆ ಬಂದರೆ, ಸಂಜೆ ಯಾರದಾದರೂ ಅಂಗಳದಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳು ನಿಂತಿರುತ್ತಾಳೆ. ನಾಳೆ ನಮ್ಮಲ್ಲಿ, ಅನ್ನುತ್ತಾಳೆ."

ನನಗೆ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಕೆಂಪು ಪೆನ್ನಿನಲ್ಲಿ ಬರೆದೆ: 'ಜೀವಂತ ಚಿತ್ರ. ರಾಧಮ್ಮನವರನ್ನು ಒಂದು ದಿನ ತರಗತಿಗೆ ಕರೆದುಕೊಂಡು ಬನ್ನಿ, ನಾವೂ ಅವರ ಮಾತು ಕೇಳೋಣ.'

(ಆಯಿತಾ ಚೈತ್ರಾ? ಹೇಳಿಬಿಟ್ಟೆ.)

ಮರುದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬಾ ಅಂದರೂ ಬರಲಿಲ್ಲ.

"ಮೇಡಂ, ಅಜ್ಜಿನ ಕರ್ಕೊಂಡು ಬರೋಕಾಗಲ್ಲ."

"ಯಾಕಮ್ಮ, ಹುಷಾರಿಲ್ವಾ? ಬಸ್ಸಿಗೆ ಕಷ್ಟ ಆದ್ರೆ ಆಟೋ ಮಾಡೋಣ."

"ಅಜ್ಜಿ ತೀರ್ಕೊಂಡು ಮೂರು ತಿಂಗಳಾತು."

"ಮತ್ತೆ ಈಗಲೂ ನಿಂತಿರ್ತಾಳೆ ಅಂತ ಬರ್ದಿದೀಯಲ್ಲ?"

"ಅದು ನಾನ್ ಬರ್ದಿದ್ದಲ್ಲ. ಕೊನೆ ಎಲ್ಲ ಕಾಂತೇಶ್ ಬರಿಯೋದು."

ಕೊನೆ *ಎಲ್ಲ*? ನಾನು ಪ್ರಬಂಧಗಳ ಕಟ್ಟು ಬಿಚ್ಚಿದೆ. ಇಪ್ಪತ್ತಮೂರರಲ್ಲಿ ಹನ್ನೊಂದು ಒಂದೇ ರೀತಿ ಶುರುವಾಗಿದ್ದವು: ಯಾರೋ ಒಬ್ಬರು ಎಲ್ಲೋ ನಿಂತು ಒಂದು ಸಣ್ಣ ಕೆಲಸ ಮಾಡುತ್ತಿದ್ದಾರೆ. ಹನ್ನೊಂದೂ 'ಈಗಲೂ' ಎಂದು ಮುಗಿದಿದ್ದವು. ಶುರು ಬರೆಯಲು ಚೈತ್ರ, ನಡುವಿನ ಇಸವಿ, ಊರು, ಸಂಬಂಧ ಸರಿಪಡಿಸಲು ಸಿರಿ, ಮುಗಿಸಲು ಕಾಂತೇಶ್. ತಮ್ಮ ಮೂರಕ್ಕೂ ಉಳಿದ ಎಂಟು ಜನರ ಪ್ರಬಂಧಗಳಿಗೂ ಈ ಮೂವರೇ. ಮೂವರನ್ನೂ ನಿಲ್ಲಿಸಿ ಕೇಳಿದೆ. ಯಾರೂ ತಲೆ ತಗ್ಗಿಸಲಿಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

"ಇದನ್ನ ಕಾಪಿ ಅಂತಾರೆ, ಗೊತ್ತಾ?"

"ಕಾಪಿ ಎಂತಕ್ಕೆ ಮೇಡಂ?" ಚೈತ್ರ ನಿಜವಾಗಿಯೂ ಅರ್ಥವಾಗದವಳಂತೆ ನೋಡಿದಳು. "ಮುಯ್ಯಾಳು ಮಾಡಿದ್ದು. ಸಸಿ ಕೀಳೋಕೆ ಒಬ್ರ ಕೈ ಚೆನ್ನಾಗಿರತ್ತೆ, ನೆಡೋಕೆ ಒಬ್ರುದು. ಎಲ್ರೂ ಎಲ್ಲದನ್ನೂ ಮಾಡಿದ್ರೆ ಗದ್ದೆ ಎಲ್ಲಿ ಮುಗೀತದೆ?"

ಕಾಂತೇಶ್ ಹೇಳಿದ: "ರೂಲ್ಸ್ ಬೇರೆಯವ್ರದ್ದು ತರಬಹುದು, ಕೊನೆ ತರಬಾರ್ದಾ ಮೇಡಂ?"

(ಇಲ್ಲಿ ನಾನು ಅವನಿಗೆ ತಕ್ಕ ಉತ್ತರ ಕೊಟ್ಟೆ ಎಂದು ಮೊದಲ ಕರಡಿನಲ್ಲಿ ಬರೆದಿದ್ದೆ. ಕೊಟ್ಟಿರಲಿಲ್ಲ. ಹೊರಗೆ ಹೋಗಿ ಅಂದೆ, ಅಷ್ಟೇ.)

ಸೀದಾ ಪ್ರಿನ್ಸಿಪಾಲರ ಹತ್ತಿರ ಹೋದೆ. ಪರಮೇಶ್ವರಪ್ಪ ಸರ್ ನಿವೃತ್ತಿಗೆ ಒಂದು ವರ್ಷ ಬಾಕಿ ಇರುವ ಮನುಷ್ಯ, ಯಾವ ಗಲಾಟೆಯೂ ಅವರ ಕುರ್ಚಿಯವರೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಚೈತ್ರಳ ಅಜ್ಜಿಯಿಂದ ಮುಯ್ಯಾಳಿನ ಮಾತಿನವರೆಗೆ ಎಲ್ಲ ಹೇಳಿ, ಹನ್ನೊಂದು ಸೊನ್ನೆ ಹಾಕಬೇಕು ಸರ್, ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ರೂಲ್ ನಿಮ್ದು, ತೀರ್ಮಾನ ನಿಮ್ದು. ಒಂದ್ ಮಾತು ಕೇಳ್ತೀನಿ. ಕಾಂತೇಶ ಆ ಹುಡುಗಿದು ಬರೀವಾಗ ಆ ಹುಡುಗಿ ಪಕ್ಕದಲ್ಲಿ ಇತ್ತಾ?"

"ಅದರಿಂದ ಏನಾಗುತ್ತೆ ಸರ್?"

"ನಮ್ ಕಡೆ ಮುಯ್ಯಾಳಿಗೆ ಒಂದೇ ಕಂಡೀಷನ್ನು. ಎಷ್ಟೇ ಜನ ಬರ್ಲಿ, ಗದ್ದೆಯವ್ರು ಗದ್ದೇಲಿ ಇರ್ಬೇಕು. ಜಗಲಿ ಮೇಲೆ ಕೂತ್ಕೊಂಡು ನೋಡೋ ಹಂಗಿಲ್ಲ. ಕೂತ್ರೆ ಮುಂದಿನ ಸಲ ಯಾರೂ ಬರಲ್ಲ ಮಾರಾಯ್ತಿ."

೪. (ಎರಡನೆಯ ರೂಪ.) ಮುಯ್ಯಾಳು ಕರೆಯಬಹುದು. ಗದ್ದೆಯವರು ಗದ್ದೆಯಲ್ಲಿ ಇರಬೇಕು. ಅಂದರೆ: ಬೇರೆಯವರ ನೆರವು ಪಡೆಯಬಹುದು, ಆದರೆ ಪ್ರತಿ ವಾಕ್ಯ ಬರೆಯುವಾಗಲೂ ನೀವು ಪಕ್ಕದಲ್ಲಿರಬೇಕು, ನಿಮ್ಮ ಕೈಗೂ ಕೆಸರಾಗಬೇಕು. ಯಾರು ಯಾವ ಭಾಗಕ್ಕೆ ಬಂದಿದ್ದರು ಎಂದು ಕೆಳಗೆ ಬರೆಯಿರಿ.

ಇದು ನಾನು ಜೀವನದಲ್ಲಿ ಬರೆದ ಮೊದಲ ಸ್ವಂತ ನಿಯಮ. (ಸ್ವಂತ? ಪರಮೇಶ್ವರಪ್ಪ ಸರ್ ಬಂದಿದ್ದರು. ನಾನು ಪಕ್ಕದಲ್ಲಿದ್ದೆ.) ಹನ್ನೊಂದು ಜನಕ್ಕೂ ಇನ್ನೊಂದು ಅವಕಾಶ ಕೊಟ್ಟೆ. ಹತ್ತು ಜನ ಜೋಡಿ ಜೋಡಿಯಾಗಿ ಲೈಬ್ರರಿಯಲ್ಲಿ ಕೂತು, ಜಗಳವಾಡಿ, ತಿದ್ದಿ ಬರೆದು ಕೊಟ್ಟರು. ಕಾಂತೇಶನ ಹೊಸ ಶುರು ಬರೀ ಕೆಮ್ಮು. ಆದರೂ ಅವನದೇ ಕೆಮ್ಮು.

ಚೈತ್ರ ಕೊಡಲಿಲ್ಲ.

"ಕೊನೆ ಒಂದು ಬರ್ದುಬಿಡು ಸಾಕು," ಅಂದೆ.

"ನಂಗೆ ಆಗಲ್ಲ ಮೇಡಂ."

"ಕಾಂತೇಶನ್ನ ಪಕ್ಕದಲ್ಲಿ ಕೂರಿಸ್ಕೋ."

"ಅವ್ನು ಕೂತ್ರೂ ಆಗಲ್ಲ."

ಗುರುವಾರ, ಶುಕ್ರವಾರ ಹೀಗೇ ಹೋಯಿತು. ಅಂಕಪಟ್ಟಿಯಲ್ಲಿ ಒಂದು ಮನೆ ಖಾಲಿ. ಖಾಲಿ ಇದ್ದರೆ ಕಂಪ್ಯೂಟರ್ ಸೊನ್ನೆ ಎಂದೇ ತೆಗೆದುಕೊಳ್ಳುತ್ತದೆ, ಸೊನ್ನೆಯಾದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲವೆಂದರೆ ಅವಳ ಒಂದು ವರ್ಷ ಹೋಯಿತು. ಓದುಗರೇ, ಈ ಕಥೆಯಲ್ಲಿ ಪಣಕ್ಕಿರುವುದು ಇಷ್ಟೇ, ಒಂದು ಚೌಕದಷ್ಟು ಜಾಗ. ಆ ಚೌಕಕ್ಕೆ ಕೆಲವು ಅಂತ್ಯಗಳನ್ನು ಯೋಚಿಸಿದೆ.

ಅಂತ್ಯ ಒಂದು. ನಿಯಮ ಎಂದರೆ ನಿಯಮ. ಸೊನ್ನೆ. ಚೈತ್ರ ಕಾಲೇಜು ಬಿಡುತ್ತಾಳೆ. ಹತ್ತು ವರ್ಷದ ನಂತರ ಬಸ್ಸಿನಲ್ಲಿ ಸಿಕ್ಕಿ ನನ್ನನ್ನು ಕ್ಷಮಿಸುತ್ತಾಳೆ.

("ನಾನ್ ಕ್ಷಮ್ಸಲ್ಲ," ಎಂದಳು ಚೈತ್ರ. "ಮಾತೂ ಆಡ್ಸಲ್ಲ." ಹೊಡೆದುಹಾಕಿದೆ.)

ಅಂತ್ಯ ಎರಡು. ನಾನು ಧೈರ್ಯ ಮಾಡಿ ಪೂರ್ತಿ ಅಂಕ ಕೊಡುತ್ತೇನೆ. ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

("ಇದು ಸಿನಿಮಾ ಮೇಡಂ," ಎಂದ ಕಾಂತೇಶ್. "ಕೊನೆ ಬರಿಯೋದು ನಿಮಗೆ ಬರಲ್ಲ. ನಂಗೆ ಕೊಡಿ." ಕೊಡಲಿಲ್ಲ. ಆದರೆ ಅವನು ಹೇಳಿದ್ದು ನಿಜ.)

ಅಂತ್ಯ ಮೂರು ಎಂದು ಬರೆಯಬಹುದಿತ್ತು, ಆದರೆ ಇದು ನಡೆದದ್ದು.

ಶನಿವಾರ ಮೂರು ಗಂಟೆ ಹತ್ತು ನಿಮಿಷ. ಇಬ್ಬರೂ ಬಂದರು. ಚೈತ್ರ ನನ್ನ ಎದುರಿನ ಕುರ್ಚಿಯಲ್ಲಿ ಕೂತಳು, ಕಾಂತೇಶ್ ಪಕ್ಕದಲ್ಲಿ ಕೈಕಟ್ಟಿ ಕೂತ. ಅವಳು ತನ್ನ ಹಳೇ ಪ್ರಬಂಧ ಕೇಳಿ ಇಸಿದುಕೊಂಡು, ನನ್ನ ಕೆಂಪು ಅಕ್ಷರದ ಕೆಳಗಿದ್ದ ಖಾಲಿ ಜಾಗದಲ್ಲಿ ಬರೆದಳು. ಒಂದು ಸಲ ನಿಲ್ಲಿಸಿದಳು. ಮತ್ತೆ ಬರೆದಳು.

ಅವಳು ಬರೆದದ್ದನ್ನು ಒಂದು ಅಕ್ಷರವೂ ತಿದ್ದದೆ ಕೊಡುತ್ತಿದ್ದೇನೆ:

"ಮೇಲಿನ ಕೊನೆ ಕಾಂತೇಶ್ ಬರೆದದ್ದು. ಅವನು ನನ್ನ ಅಜ್ಜಿಯನ್ನು ನೋಡಿಲ್ಲ. ಜುಲೈ ಹದಿನಾರರ ಸಂಜೆ ಅಜ್ಜಿ ನಾಲ್ಕು ಅಂಗಳದಲ್ಲಿ ನಿಂತು ನಾಳೆ ನಮ್ಮಲ್ಲಿ ಎಂದು ಹೇಳಿ ಬಂದಳು. ಬೆಳಿಗ್ಗೆ ಏಳಲಿಲ್ಲ. ಬರುವವರು ಬಂದರು. ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತರು. ಆಮೇಲೆ ಅರ್ಧ ಜನ ಸೌದೆಗೆ ಹೋದರು, ಅರ್ಧ ಜನ ಗದ್ದೆಗೆ ಹೋದರು, ಯಾಕೆಂದರೆ ಸಸಿ ಕಿತ್ತು ಆಗಿತ್ತು. ಆ ದಿನ ನಮ್ಮ ಮನೆಯವರು ಯಾರೂ ಗದ್ದೆಯಲ್ಲಿ ಇರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಸಂಜೆ ಹೋಗಿ ನೋಡಿದರೆ ಗದ್ದೆ ಪೂರ್ತಿ ನೆಟ್ಟಾಗಿತ್ತು. ಈ ಪ್ರಬಂಧದ ಕೊನೆ ಬರೆಯುವ ದಿನ ನನಗೆ ಹಾಗೇ ಆಯಿತು. ಕಾಂತೇಶ್ ಬಂದಿದ್ದ."

ನಾನು ಎರಡು ಸಲ ಓದಿದೆ. ನಾನು ನಿಯಮ ಬರೆದು ಗದ್ದೆಯಲ್ಲಿ ಇರು ಎಂದು ಒತ್ತಾಯ ಮಾಡುತ್ತಿದ್ದದ್ದು ಯಾರನ್ನು ಎಂದು ಆಗ ಗೊತ್ತಾಯಿತು. ತುಂಬ ನಾಚಿಕೆಯಾಯಿತು. ಈ ಹುಡುಗ ಅವತ್ತು ಕೇಳದೆ, ಹೇಳದೆ, ತಾನು ನೋಡಿಯೇ ಇರದ ಮುದುಕಿಯನ್ನು ಒಂದು ಅಂಗಳದಲ್ಲಿ ನಿಲ್ಲಿಸಿ ಬಂದಿದ್ದ. ಅವನಿಗೆ ಸೊನ್ನೆ ಹಾಕಲು ಹೊರಟಿದ್ದೆ.

"ನಿಂಗೆ ಗೊತ್ತಿತ್ತೇನೋ, ಅಜ್ಜಿ ಇಲ್ಲ ಅಂತ?" ಕಾಂತೇಶನನ್ನು ಕೇಳಿದೆ.

"ಗೊತ್ತಿತ್ತು ಮೇಡಂ. ಸಿರಿ ಹೇಳಿದ್ಲು. ಅದಕ್ಕೇ ಹಂಗ್ ಬರ್ದಿದ್ದು."

"ಮೇಡಂ," ಚೈತ್ರ ಕೇಳಿದಳು, "ಅವ್ನು ಬರ್ದಿದ್ದನ್ನ ಹೊಡಿಬೇಕಾ? ಸುಳ್ಳಲ್ವಾ ಅದು?"

"ಬೇಡ. ಎರಡೂ ಇರ್ಲಿ."

೪. (ಮೂರನೆಯ ರೂಪ.) ಮುಯ್ಯಾಳು ಕರೆಯಬಹುದು. ಗದ್ದೆಯವರು ಗದ್ದೆಯಲ್ಲಿ ಇರಬೇಕು. ಸಾವಾದ ಮನೆಗೆ ಈ ನಿಯಮ ಇಲ್ಲ.

ಗಂಟೆ ಮೂರು ಐವತ್ತೆರಡು. ಆ ಚೌಕದಲ್ಲಿ ಒಂದು ಸಂಖ್ಯೆ ಬರೆದೆ. ಅವಳು ಪರೀಕ್ಷೆಗೆ ಕೂರುತ್ತಾಳೆ, ಅಷ್ಟು ಹೇಳಬಲ್ಲೆ. ಎಷ್ಟು ಎಂದು ಕೇಳಬೇಡಿ, ಅದರಲ್ಲಿ ಎಷ್ಟು ಶುರುವಿಗೆ, ಎಷ್ಟು ಯಾವ ಕೊನೆಗೆ ಎಂದು ವಿವರಿಸಲು ನನಗೂ ಬರುವುದಿಲ್ಲ. ಸಾವಿನ ಸಾಲನ್ನು ಪ್ರಿನ್ಸಿಪಾಲರು ಒಪ್ಪುತ್ತಾರೋ, ಕಾಲೇಜಿನ ತಪಾಸಣೆಗೆ ಬರುವ ಕಮಿಟಿ ನಗುತ್ತದೋ, ಬರುವ ವರ್ಷ ಹದಿನೈದು ಹುಡುಗರು ಹದಿನೈದು ಅಜ್ಜಿಯರನ್ನು ಸಾಯಿಸಿ ರಜೆ ಕೇಳುತ್ತಾರೋ, ಅದೂ ಗೊತ್ತಿಲ್ಲ. ಹಿಮದ ನಿಯಮವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಕದ್ದದ್ದಕ್ಕೆ ಒಂದು ಗುರುತು ಇರಲಿ.

ಕಾಂತೇಶ್ ಬಸ್ಸಿಗೆ ಓಡಿದ. ಚೈತ್ರ ಬಾಗಿಲು ದಾಟಿದವಳು ಹೊರಗೇ ನಿಂತಳು.

"ಮೇಡಂ, ನಿಮ್ ಕಥೆ?"

"ಇನ್ನೂ ಮುಗಿದಿಲ್ಲ. ಕೊನೆ ಹೊಳೀತಿಲ್ಲ ಕಣೇ."

ಅವಳು ಹೊಸ್ತಿಲು ತುಳಿಯದೆ, ಕಾರಿಡಾರಿನಲ್ಲೇ ನಿಂತು, ದುಪಟ್ಟಾದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗಾರೆ ನಾಳೆ ನಿಮ್ಮಲ್ಲಿ," ಅಂದಳು.

ನಾಳೆ ಭಾನುವಾರ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.