ಎಡಗೈ ಆಕ್ಷೇಪಣೆ

ದೋಣಿಕಟ್ಟೆಯ ಮೇಲೆ ಜಾರಿ ಬಿದ್ದು ಗಾಬ್ನಿಟ್ ಬಲ ಮಣಿಕಟ್ಟು ಮುರಿದುಕೊಂಡಾಗಲೇ ಡಾಕ್ಟರು ಹೇಳಿದ್ದರು, ಮೂಳೆಯಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯೆಂದು. ಬರೆದುಕೊಟ್ಟದ್ದು ಕಡಲಪಾಚಿಯ ಮಾತ್ರೆ. ಐರ್ಲೆಂಡಿನಲ್ಲಿ ಅವಳೂರಿನಂಥ ಕಡಲೂರುಗಳ ಕೊಲ್ಲಿಗಳ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ ಕೆಂಪು ಪಾಚಿ ಅದು.

ಈಗ ಒಂದು ಕಂಪನಿ ಆ ಪಾಚಿಗಾಗಿ ಅವಳೂರಿನ ಕೊಲ್ಲಿಯ ತಳವನ್ನೇ ಕೆರೆದು ತೆಗೆಯಲು ಅನುಮತಿ ಕೇಳಿತ್ತು. ಆಕ್ಷೇಪಣೆ ಸಲ್ಲಿಸಲು ಊರ ಸಭೆ ಸೇರಿದ ಆ ದಿನವೇ ಕೊನೆ. ಆ ಪಾಚಿಯ ಸಂದಿಯಲ್ಲೇ ಚಿಪ್ಪುಮೀನಿನ ಮರಿಗಳು ಬೆಳೆಯುವುದು. ನಲವತ್ತು ವರ್ಷ ಗಾಬ್ನಿಟ್‌ಳ ಒಲೆ ಉರಿದದ್ದು ಆ ಮೀನಿನಿಂದ. ಊರಿನ ಸಭಾಂಗಣದಲ್ಲಿ ಜನ ಚಹಾಕ್ಕೆ ಮುಗಿಬಿದ್ದಿದ್ದರು, ಸಹಿ ಹಾಕಲು ಮಾತ್ರ ಒಬ್ಬರೂ ಏಳಲಿಲ್ಲ. ಕಂಪನಿ ಕೆಲಸ ಕೊಡುತ್ತದಂತೆ! ಆ ಮಾತೆತ್ತಿದರೆ ಸಾಕು, ಈ ಊರಿನ ಗಂಡಸರ ಬಾಯಿಗೆ ಬೀಗ ಬೀಳುತ್ತದೆ.

ಗಾಬ್ನಿಟ್ ಎದ್ದಳು. ಕಂಪನಿಯ ಪರವಾಗಿ ಮಾತಾಡಲು ಬಂದಿದ್ದವನು ಅವಳ ತಂಗಿಯ ಮಗ ಫಾಕ್ಟ್ನಾ. ಮಹಾ ಮಾತುಗಾರ.

"ದೊಡ್ಡಮ್ಮ, ದಿನಾ ಪಾಚಿ ಮಾತ್ರೆ ನುಂಗ್ತೀರಂತೆ? ನುಂಗೋದು ಬೇಕು, ತೆಗೆಯೋದು ಬೇಡ್ವಾ?"

ಸಭೆ ಗೊಳ್ಳೆಂದು ನಕ್ಕಿತು. ಗಾಬ್ನಿಟ್‌ಗೆ ಮೈಯೆಲ್ಲ ಉರಿಯಿತು.

"ಹೂಂ ಕಣೋ, ನುಂಗ್ತೀನಿ. ಇವತ್ತು ಬೆಳಿಗ್ಗೇನೂ ನುಂಗಿದೀನಿ. ಹಸುವಿನ ಹಾಲೂ ಕುಡೀತೀನಿ, ಹಾಗಂತ ಹಸು ಕಡಿದುಹಾಕು ಅಂದೆನಾ? ಅಂಗೈಯಷ್ಟು ಬೆಳೆಯೋಕೆ ಆ ಪಾಚಿಗೆ ನನ್ನ ವಯಸ್ಸೂ ಸಾಲ್ದು. ನಿನ್ನ ಯಂತ್ರಕ್ಕೆ ಒಂದು ಬೆಳಿಗ್ಗೆ ಸಾಕು!"

ಈ ಸಲ ಜನ ನಕ್ಕದ್ದು ಫಾಕ್ಟ್ನಾನನ್ನು ನೋಡಿ. ಅವನ ಮುಖ ಕೆಂಪಾಯಿತು.

"ಬಾಯಲ್ಲಿ ಹೇಳಿದ್ರೆ ನಡೆಯಲ್ಲ, ಬರೆದು ಕೊಡ್ಬೇಕು. ಕೈಗೆ ಪ್ಲಾಸ್ಟರ್ ಇದೆಯಲ್ಲ, ಹೇಗೆ ಬರೀತೀರಿ?"

ಗಾಬ್ನಿಟ್ ಮೇಜಿನ ಮುಂದೆ ಕೂತು ಎಡಗೈಯಲ್ಲಿ ಪೆನ್ನು ಹಿಡಿದಳು. ಕಾಗದ ಜಾರಿತು. ಎಳೆದುಕೊಂಡಳು, ಮತ್ತೆ ಜಾರಿತು. ಊರಿಗೆ ಊರೇ ನೋಡುತ್ತಿತ್ತು. ಅವಳಿಗೆ ನಾಚಿಕೆಯಾಗಲಿಲ್ಲ, ಹಟ ಏರಿತು.

"ಲೋ, ಬಾ ಇಲ್ಲಿ. ಕಾಗದ ಹಿಡ್ಕೋ."

"ನಾನಾ? ನಾನು ಕಂಪನಿ ಕಡೆಯವನು, ದೊಡ್ಡಮ್ಮ."

"ಗೊತ್ತು. ಹಿಡ್ಕೋ ಅಂದೆ."

ಫಾಕ್ಟ್ನಾ ಸುತ್ತಮುತ್ತ ನೋಡಿದ. ಆಮೇಲೆ ಬಂದು ಎರಡೂ ಕೈಯಿಂದ ಕಾಗದವನ್ನು ಮೇಜಿಗೆ ಒತ್ತಿ ಹಿಡಿದ. ಗಾಬ್ನಿಟ್ ಸೊಟ್ಟ ಸೊಟ್ಟ ಅಕ್ಷರಗಳಲ್ಲಿ 'ಬೇಡ' ಎಂದು ಬರೆದು, ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಮುಗಿಸುವವರೆಗೂ ಅವನು ಹಿಡಿದೇ ಇದ್ದ.